ಇವತ್ತು ಯಾವ ವಾರ?

ಅವರು ತೀರಿಕೊಂಡರೆಂದು ರಾಜಘಟ್ಟದ ಹಾಲಿನವನು ಹೇಳಿದಾಗ ನಾನು ನಂಬಲಿಲ್ಲ. ಅದಕ್ಕೆ ದುಃಖ ಕಾರಣವಲ್ಲ, ಅಭ್ಯಾಸ ಕಾರಣ. ಒಬ್ಬನ ಬಾಯಿಂದ ಬಂದದ್ದನ್ನು ಇನ್ನೊಂದು ಕಡೆಯಿಂದ ತಾಳೆ ನೋಡದೆ ಒಳಗೆ ಬಿಟ್ಟುಕೊಳ್ಳಬಾರದು ಎಂದು ಎಂಟು ವರ್ಷ ನನ್ನ ತಲೆಗೆ ಮೊಳೆ ಹೊಡೆದವರು ಅವರೇ. ಹಾಲಿನವನ ಸೈಕಲ್ ಹಿಡಿದು ನಿಲ್ಲಿಸಿ, “ನೀನೇ ನೋಡಿದ್ಯಾ? ಯಾರ್ ಹೇಳಿದ್ದು? ಎಷ್ಟೊತ್ಗೆ?” ಎಂದು ಕೇಳಿದೆ.

“ನಿಂಗೂ ಅವ್ರ ಗಾಳಿ ಬಡೀತಾ ಅಣ್ಣ?” ಎಂದು ಅವನು ಕ್ಯಾನು ಸರಿಮಾಡಿಕೊಂಡು ಹೊರಟ.

ಆಮೇಲೆ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಅದೇ ಊರಿನ ಇನ್ನೊಬ್ಬರನ್ನು ಹುಡುಕಿ ಕೇಳಿದೆ. ಅವರೂ ಅದನ್ನೇ ಹೇಳಿದರು. ಆಗ ಕಣ್ಣಲ್ಲಿ ನೀರು ಬಂತು. ಅವರು ಇದ್ದಿದ್ದರೆ ಈ ಕ್ರಮವನ್ನು ಮೆಚ್ಚುತ್ತಿದ್ದರು, ಆದರೆ ಮೆಚ್ಚಿದ್ದನ್ನು ಮುಖದ ಮೇಲೆ ಬರಲು ಬಿಡುತ್ತಿರಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ಕಂಡರೆ, ಅದು ಮದುವೆಯ ಕರೆಯೋಲೆಯೇ ಆಗಿದ್ದರೂ, “ಇದನ್ನ ಯಾರು ಬರೆದ್ರು, ಯಾಕೆ ಬರೆದ್ರು” ಎಂದು ವಿಚಾರಣೆಗೆ ಇಳಿಯುವ ಆಸಾಮಿ. ಹೋದ ಮೇಲೂ ಆ ಕೆಲಸ ಕೊಡುವುದು ಬೇಡ. ನಮ್ಮ ಶೆಡ್ಡಿನಲ್ಲಿ ಎದುರಿಗೆ ಅವರು “ಸಾರ್”, ಬೆನ್ನ ಹಿಂದೆ “ಸಿಐಡಿ”. ಆ ಹೆಸರಿಟ್ಟ ಪುಣ್ಯಾತ್ಮ ನಾನೇ. ಇಟ್ಟ ಮೂರನೆಯ ದಿನವೇ ಅದು ಅವರಿಗೆ ಗೊತ್ತಾಗಿತ್ತು ಎನ್ನುವುದು ನನಗೆ ಗೊತ್ತಾಗಲು ಎರಡು ವರ್ಷ ಹಿಡಿಯಿತು. ಯಾರು ಸಿಐಡಿ ಎಂದು ನೀವೇ ಲೆಕ್ಕ ಹಾಕಿ.

ಶೆಡ್ಡೆಂದರೆ ಕೈಗಾರಿಕಾ ಪ್ರದೇಶದ ಕೊನೆಯಲ್ಲಿದ್ದ, ಸಿಮೆಂಟ್ ಶೀಟಿನ ಒಂದು ಉದ್ದ ಕೋಣೆ. ಏಳು ಜನ. ಯಂತ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತೋರಿಸುವ ಮೀಟರುಗಳನ್ನು ಅಲ್ಲಿ ಜೋಡಿಸುತ್ತಿದ್ದೆವು. ಊರ ತುಂಬ ರೇಷ್ಮೆ ಮಗ್ಗ. ಮಗ್ಗಕ್ಕೆ ಹೋಗುವ ಮುಂಚೆ ನೂಲಿಗೆ ಹುರಿ ಹಾಕುವ ಮಿಲ್ಲುಗಳೂ ಬೇಕಾದಷ್ಟು. ನಮ್ಮ ಮಾಲು ಹೋಗುತ್ತಿದ್ದುದು ಹೆಚ್ಚಾಗಿ ಆ ಮಿಲ್ಲುಗಳಿಗೆ. ನಾನು ಡಿಪ್ಲೊಮಾ ಮುಗಿಸಿ, ಮೀಸೆಯನ್ನೂ ಬಿಟ್ಟು, ಎಲೆಕ್ಟ್ರಾನಿಕ್ಸಿನ ಅರ್ಧ ಪ್ರಪಂಚ ಗೆದ್ದವನಂತೆ ಅಲ್ಲಿ ಸೇರಿಕೊಂಡವನು. ಅವರು ಬೆಂಗಳೂರಿನ ದೊಡ್ಡ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ದುಡಿದು, ಅಲ್ಲಿ ಯಾರನ್ನೋ ನಂಬದೆ ಕೆಲಸ ಬಿಟ್ಟು, ಊರಿನ ತೋಟ ನೋಡಿಕೊಂಡು ನಮ್ಮಲ್ಲಿ ಟೆಸ್ಟಿಂಗ್ ಮಾಡುತ್ತಿದ್ದವರು. ಅವರ ರುಜು ಬೀಳದೆ ಒಂದು ಡಬ್ಬಿಯೂ ಶೆಡ್ಡಿನ ಹೊಸ್ತಿಲು ದಾಟುತ್ತಿರಲಿಲ್ಲ.

ಆಳು ಸಣಕಲು. ಏಪ್ರಿಲ್ ಬಿಸಿಲಲ್ಲೂ ತೋಳಿಲ್ಲದ ಸ್ವೆಟರು. ಅಂಗಿಯ ಜೇಬಿನಲ್ಲಿ ಕರವಸ್ತ್ರದಲ್ಲಿ ಸುತ್ತಿದ ಒಂದು ಹೊಸ ಟಾರ್ಚ್ ಸೆಲ್ಲು. ಬೆಳಿಗ್ಗೆ ಬಂದವರು ಮೊದಲು ಆ ಸೆಲ್ಲನ್ನು ಹೊರತೆಗೆದು ಮಲ್ಟಿಮೀಟರಿನ ಎರಡು ಕಡ್ಡಿ ತಾಗಿಸುತ್ತಿದ್ದರು. ಒಂದೂವರೆ ವೋಲ್ಟು ತೋರಿಸಿತೋ, ಸರಿ, ಇವತ್ತಿನ ಮಟ್ಟಿಗೆ ಮೀಟರನ್ನು ನಂಬಬಹುದು. ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಅದೇ.

“ಬೆಳಿಗ್ಗೆ ನೋಡಿದ್ರಲ್ಲ ಸಾರ್?”

“ಹ್ಞೂಂ. ಊಟಕ್ಕೆ ಹೋಗಿದ್ದಾಗ ಇದ್ರ ಹತ್ರ ಯಾರಾರ ಬಂದಿದ್ರೋ ಏನೋ.”

“ಮೀಟರ್ ಹತ್ರ ಯಾರ್ ಬರ್ತಾರೆ ಸಾರ್?”

“ನೀನಿದ್ಯಲ್ಲಪ್ಪ.”

ಬಸ್ಸಿನ ಬೋರ್ಡಿನಲ್ಲಿ ದೊಡ್ಡಬಳ್ಳಾಪುರ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಕಂಡಕ್ಟರನ್ನು ಕೇಳಿ, ಆಮೇಲೆ ಡ್ರೈವರನ್ನೂ ಕೇಳಿ ಹತ್ತುವವರು. ಹೋಟೆಲಿನಲ್ಲಿ ಟೀ ಬಂದರೆ ಮೊದಲು ಮೂಸುವವರು. ಒಮ್ಮೆ ನಾವೆಲ್ಲ ಶಿವಗಂಗೆ ಬೆಟ್ಟಕ್ಕೆ ಹೋಗಿದ್ದೆವು. ಅಲ್ಲಿ ಒಳಕಲ್ಲು ತೀರ್ಥ ಎಂದಿದೆ. ಕಲ್ಲಿನ ಗುಂಡಿಯೊಳಗೆ ಕೈ ಬಿಟ್ಟರೆ ಪುಣ್ಯವಂತರಿಗೆ ನೀರು ಸಿಗುತ್ತದೆ ಎಂಬ ನಂಬಿಕೆ. ನನಗೆ ಸಿಗಲಿಲ್ಲ. “ಗೊತ್ತಿತ್ತು ಬಿಡಪ್ಪ” ಎಂದು ನಮ್ಮ ಯಜಮಾನರೂ ಸೇರಿ ಎಲ್ಲರೂ ನಕ್ಕರು. ಅವರಿಗೆ ಮೊದಲ ಸಲಕ್ಕೇ ಸಿಕ್ಕಿತು. ಖುಷಿಪಡಬೇಕಲ್ಲವೇ? ಕೈ ಒರೆಸಿಕೊಂಡು ಮತ್ತೆ ಹಾಕಿದರು. ಮತ್ತೆ ಸಿಕ್ಕಿತು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದರು. “ಒಂದ್ ಸಲ ಬಂದಿದ್ದನ್ನ ರೀಡಿಂಗ್ ಅನ್ನಕ್ಕಾಗಲ್ಲ ಕಣ್ರೀ” ಎನ್ನುತ್ತ ಮೂರನೆಯ ಸಲವೂ ಕೈಬಿಟ್ಟರು. ತಮ್ಮ ಪುಣ್ಯವನ್ನೇ ಅನುಮಾನಿಸಿದ ಮನುಷ್ಯನನ್ನು ನಾನು ಮತ್ತೆಲ್ಲೂ ನೋಡಿಲ್ಲ.

ನನ್ನ ಕಸುಬು ಹಗಲು ಬೆಸುಗೆ ಹಾಕುವುದು, ಹವ್ಯಾಸ ಎಲ್ಲರ ಹಾಗೆ ಮಾತಾಡುವುದು. ನಮ್ಮ ಯಜಮಾನರು ಗಂಟಲು ಸರಿಮಾಡಿಕೊಳ್ಳುವುದು, ದೇವನಹಳ್ಳಿ ಬಸ್ಸಿನ ಕಂಡಕ್ಟರು ಸೀಟಿ ಊದುತ್ತಲೇ ಬೈಯುವುದು, ಸಂಬಂಧ ನೋಡಲು ಹೋದ ಮನೆಯಲ್ಲಿ ನಾನು “ಡಿಪ್ಲೊಮಾ” ಎನ್ನುವಾಗ ನನ್ನದೇ ದನಿ ಕೀರಲಾಗುವುದು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಆದರೆ ಎಲ್ಲಕ್ಕಿಂತ ಬೇಡಿಕೆ ಇದ್ದದ್ದು ಸಿಐಡಿಗೆ. ಮೂಗಿನಲ್ಲಿ ಶುರುವಾಗಿ ಗಂಟಲಲ್ಲಿ ಮುಗಿಯುವ ದನಿ. ಪ್ರತಿ ಮಾತಿಗೂ ಮುಂಚೆ ಒಂದು “ಹ್ಞೂಂ”, ಠಾಣೆಯ ಬಾಗಿಲು ತೆರೆದ ಹಾಗೆ. ಹೆಂಗಸರ ವೈರಿಂಗ್ ಮೇಜಿನಿಂದ ದಿನಕ್ಕೊಂದು ಸಲ “ಎಲ್ಲಿ, ಸಿಐಡಿ ಬರ್ಲಿ” ಎಂದು ಬೇಡಿಕೆ ಬರುತ್ತಿತ್ತು. ಅವರು ಊಟಕ್ಕೆ ಹೋದರೆಂದರೆ ನನ್ನ ಆಟ ಶುರು.

ಇನ್ನು ಅವರ ಕೆಲಸದ ರೀತಿ. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಯಂತ್ರದ ದಂಡಕ್ಕೆ ಹತ್ತು ಹಲ್ಲಿನ ಒಂದು ಚಕ್ರ. ಅದರ ಮೂತಿಗೆ ಮೂತಿ ಕೊಟ್ಟು ಕೂತ, ಬೆರಳುದ್ದದ ಪಿಕಪ್ಪು. ಒಳಗೆ ಅಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ. ಒಂದೊಂದು ಹಲ್ಲು ಎದುರಿಗೆ ಹಾದಾಗಲೂ ಸುರುಳಿಯಲ್ಲಿ ಒಂದು ಸಣ್ಣ ಮಿಡಿತ. ಆ ಮಿಡಿತ ತಂತಿ ಹಿಡಿದು ನಮ್ಮ ಡಬ್ಬಿಗೆ ಬರುತ್ತದೆ. ಡಬ್ಬಿಯೊಳಗಿನ ಐಸಿ ಎಂಬ ಪುಟ್ಟ ಚಿಪ್ಪು, ಸೆಕೆಂಡಿಗೆ ಎಷ್ಟು ಮಿಡಿತ ಬಂತೋ ಅದಕ್ಕೆ ತಕ್ಕಷ್ಟು ವೋಲ್ಟು ಕೊಡುತ್ತದೆ. ವೋಲ್ಟಿಗೆ ತಕ್ಕಷ್ಟು ಮುಳ್ಳು ಏರುತ್ತದೆ. ಇಷ್ಟೇ ಮೀಟರು.

ನಾವೆಲ್ಲ ಮುಳ್ಳು ನೋಡುತ್ತಿದ್ದೆವು. ಅವರು ಮುಳ್ಳಿಗೆ ಬೆನ್ನು ಹಾಕಿ, ಬೆಂಗಳೂರಿನ ಎಸ್.ಪಿ. ರೋಡಿನಿಂದ ಹೊತ್ತು ತಂದ ಹಳೆಯ ಸ್ಕೋಪಿನ ಪರದೆಯ ಹಸಿರು ಗೆರೆಯಲ್ಲಿ ಒಳಗೆ ಬರುವ ಮಿಡಿತವನ್ನು ನೋಡುತ್ತ ಕೂರುತ್ತಿದ್ದರು. “ಹೊರಗೇನ್ ಬಂತು ಅನ್ನೋದು ಆಮೇಲೆ. ಒಳಗೆ ಬರ್ತಿರೋದು ಎಷ್ಟು ಗಟ್ಟಿ ಬರ್ತೈತೆ, ಅದ್ ಹೇಳು ಮೊದ್ಲು.” ಯಾಕೆಂದರೆ ಐಸಿಗೆ ಒಂದು ಹೊಸ್ತಿಲಿದೆ. ಅದನ್ನು ದಾಟುವಷ್ಟು ಎತ್ತರದ ಮಿಡಿತ ಮಾತ್ರ ಎಣಿಕೆಗೆ ಸಿಗುತ್ತದೆ. ಕುಳ್ಳಾದದ್ದು ಬಂದರೂ ಬಂದಂತಲ್ಲ. ಯಂತ್ರ ಜೋರಾಗಿ ತಿರುಗಿದರೆ ಪಿಕಪ್ಪಿನ ಮಿಡಿತವೂ ಎತ್ತರ. ನಿಧಾನವಾದರೆ ಮಿಡಿತದ ಎಣಿಕೆಯೂ ಇಳಿಯುತ್ತದೆ, ಎತ್ತರವೂ ಇಳಿಯುತ್ತದೆ. ಈ ಎರಡನೆಯದನ್ನು ಮರೆತವನು ಕೆಟ್ಟ.

ನಾನು ಮರೆತೆ.

ಅವರು ತಂಗಿಯ ಮಗಳ ಮದುವೆಗೆಂದು ಒಂದು ವಾರ ದೇವನಹಳ್ಳಿಗೆ ಹೋಗಿದ್ದಾಗ, ಪೇಟೆಯ ಹುರಿ ಮಿಲ್ಲೊಂದರಿಂದ ದೂರು ಬಂತು. ಮಿಲ್ಲಿನ ಯಜಮಾನರು ಮೂರನೆಯ ನಂಬರಿನ ಯಂತ್ರಕ್ಕೆ ನಮ್ಮ ಮೀಟರು ಹಾಕಿಸಿ, ಪಕ್ಕದಲ್ಲಿ ಕಾಗದದ ಸುರುಳಿಯ ಮೇಲೆ ಪೆನ್ನು ಗೆರೆ ಎಳೆಯುವ ರೆಕಾರ್ಡರನ್ನೂ ಇಟ್ಟುಕೊಂಡಿದ್ದರು. ಎರಡೂ ಇದ್ದದ್ದು ಅವರ ಆಫೀಸಿನಲ್ಲಿ, ಯಂತ್ರ ಗೋಡೆಯ ಆಚೆ. ದಿನಾ ಬೆಳಿಗ್ಗೆ ಹಿಂದಿನ ದಿನದ ಸುರುಳಿ ಬಿಚ್ಚಿ, ಯಾರು ಯಾವಾಗ ಯಂತ್ರ ನಿಲ್ಲಿಸಿ ಹರಟೆ ಹೊಡೆದರು ಎಂದು ಓದುವುದು ಅವರ ಆನಂದ.

ಹೋಗಿ ನೋಡಿದರೆ ಯಂತ್ರ ನಿಂತಿದೆ, ಮುಳ್ಳು ಮುನ್ನೂರರಲ್ಲಿ ಆರಾಮಾಗಿ ಕೂತಿದೆ.

“ಏನಪ್ಪಾ, ನಿಮ್ಮ ಮೀಟ್ರು ದೆವ್ವ ಓಡಿಸ್ತಾ ಐತಾ?” ಎಂದರು ಯಜಮಾನರು.

ಕಾರಣ ನನಗೆ ಗೊತ್ತಿತ್ತು. ಪಿಕಪ್ಪಿನ ತಂತಿಯನ್ನು ಮೋಟಾರಿನ ಕೇಬಲ್ಲಿಗೆ ಒರಗಿಸಿ ಎಳೆದಿದ್ದರು. ಕರೆಂಟಿನ ಗುಂಯ್‌ಗುಡುವಿಕೆ ಅದರೊಳಗೆ ನುಸುಳಿ, ಸೆಕೆಂಡಿಗೆ ಐವತ್ತರ ಲೆಕ್ಕದಲ್ಲಿ ಐಸಿಯ ಹೊಸ್ತಿಲು ದಾಟುತ್ತಿತ್ತು. ಸುತ್ತ ಬಲೆ ಹೆಣೆದ ಶೀಲ್ಡ್ ವೈರು ಎಳೆಯಬೇಕು. ಅದು ಶೆಡ್ಡಿನಲ್ಲಿ ಮುಗಿದಿತ್ತು, ಬೆಂಗಳೂರಿಂದ ತರಬೇಕು. ನಾನು ಜಾಣ. ಡಬ್ಬಿ ಬಿಚ್ಚಿ, ಒಳಬರುವ ಕಡೆ ಎರಡು ರೆಸಿಸ್ಟರು ಹಾಕಿ, ಬರುವ ಮಿಡಿತವನ್ನೇ ಮೂರರಲ್ಲಿ ಒಂದು ಪಾಲಿಗೆ ಇಳಿಸಿಬಿಟ್ಟೆ. ಗುಂಯ್‌ಗುಡುವಿಕೆ ಹೊಸ್ತಿಲ ಕೆಳಗೆ ಬಿತ್ತು. ಮುಳ್ಳು ಸೊನ್ನೆಗೆ ಇಳಿಯಿತು. ಯಂತ್ರ ಪೂರ್ತಿ ವೇಗದಲ್ಲಿ ಓಡಿಸಿ ನೋಡಿದೆ, ಆರುನೂರು ಸರಿಯಾಗಿ ತೋರಿಸಿತು. ಯಜಮಾನರು ಟೀ ಕುಡಿಸಿದರು, ಬನ್ ತಿನ್ನಿಸಿದರು. ನಿಧಾನಕ್ಕೆ ಓಡಿಸಿ ನೋಡಬೇಕೆಂದು ಬನ್ನು ತಿನ್ನುವ ಬಾಯಿಗಾಗಲಿ, ಅದರ ಮೇಲಿದ್ದ ತಲೆಗಾಗಲಿ ಹೊಳೆಯಲಿಲ್ಲ. ರಿಪೇರಿ ಕಾರ್ಡಿನಲ್ಲಿ “ಸರಿಪಡಿಸಲಾಗಿದೆ” ಎಂದು ಬರೆದು ಫೈಲಿನ ತಳಕ್ಕೆ ತಳ್ಳಿದೆ. ಅವರು ಮದುವೆ ಮುಗಿಸಿ ಬಂದ ಮೇಲೂ ಹೇಳಲಿಲ್ಲ. ಹೇಳಿದರೆ ಬಿಚ್ಚಿ ನೋಡುತ್ತಾರೆ ಎಂಬ ಭಯ.

ಎರಡು ವಾರ ಕಳೆದಿರಬೇಕು. ಅವರು ಊಟಕ್ಕೆ ಹೋಗಿದ್ದರು. ಫೋನು ಬಂತು. ಎತ್ತಿದರೆ ಅದೇ ಮಿಲ್ಲಿನ ಯಜಮಾನರು.

“ನಿಮ್ಮಲ್ಲಿ ಅವ್ರಿದಾರಲ್ಲ, ಟೆಸ್ಟಿಂಗ್‌ನೋರು, ಅವ್ರನ್ನ ಕರೀರಿ. ಅವ್ರ ಬಾಯಿಂದಾನೇ ಒಂದ್ ಮಾತು ಕೇಳ್ಬೇಕು.”

ಇಲ್ಲ ಸ್ವಾಮಿ, ಊಟಕ್ಕೆ ಹೋಗಿದ್ದಾರೆ ಎನ್ನಬೇಕಿತ್ತು. ವೈರಿಂಗ್ ಮೇಜಿನ ನಾಲ್ಕು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ನೋಡುವವರಿದ್ದರೆ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಫೋನಿಗೆ ಕೈ ಅಡ್ಡ ಹಿಡಿದು, ಅವರಿಗೆ ಕಣ್ಣು ಹೊಡೆದು, ಅರ್ಧ ನಿಮಿಷ ಬಿಟ್ಟು ಶುರುಮಾಡಿದೆ.

“ಹ್ಞೂಂ. ಹೇಳಿ ಸ್ವಾಮಿ.”

“ನಮಸ್ಕಾರ ಸಾರ್. ಆ ಮೂರ್ನೇ ನಂಬರ್ ಮೀಟ್ರು ನಂಬ್ಬೋದಾ?”

“ಮೀಟರ್ ಸುಳ್ಳು ಹೇಳಲ್ಲ ಸ್ವಾಮಿ. ನಾನೇ ನೋಡಿ ಕಳ್ಸಿದೀನಿ.”

“ಸಾಕು ಬಿಡಿ ಸಾರ್. ನಿಮ್ಮಂಥ ಅನುಮಾನದ ಮನುಷ್ಯ ಹೇಳಿದ್ಮೇಲೆ ಇನ್ನು ಮಾತಿಲ್ಲ.”

ಫೋನಿಟ್ಟೆ. ಮೇಜಿನವರು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ನಾನು ನಾಟಕ ಮುಗಿದವನಂತೆ ಬಾಗಿ ಕೈಮುಗಿದೆ. ಆ ಮಾತು ಯಾಕೆ ಕೇಳಿದರು ಎಂದು ಕೇಳಲೇ ಇಲ್ಲ. ಸಿಐಡಿ ಆಗಿದ್ದರೆ ಅದನ್ನೇ ಮೊದಲು ಕೇಳುತ್ತಿದ್ದರು. ನನಗೆ ಅವರ ದನಿ ಬರುತ್ತಿತ್ತು, ಅಷ್ಟೇ ಬರುತ್ತಿತ್ತು.

ಅದಾಗಿ ಮೂರನೆಯ ದಿನ, ಶುಕ್ರವಾರ ಬೆಳಿಗ್ಗೆ, ಒಬ್ಬ ಹೆಂಗಸು ಶೆಡ್ಡಿನ ಬಾಗಿಲಿಗೆ ಬಂದಳು. ನಲವತ್ತರ ಆಸುಪಾಸು, ಸೀರೆಯ ಮೇಲೆ ಗಂಡಸಿನ ಅಂಗಿ, ಕೈಯಲ್ಲಿ ಊಟದ ಡಬ್ಬಿ. ಹೆಸರು ಜಯಮ್ಮ ಎಂದಳು. ಆ ಮಿಲ್ಲಿನ ಮೂರನೆಯ ಯಂತ್ರದ ಬೆಳಗಿನ ಪಾಳಿಯವಳು.

“ಇಲ್ಲಿ ಮೀಟ್ರು ಸುಳ್ಳು ಹೇಳಲ್ಲ ಅಂದೋರು ಯಾರು?”

ಬೆಸುಗೆ ಕಡ್ಡಿ ನನ್ನ ಕೈಯಲ್ಲಿ ಹಾಗೇ ನಿಂತಿತು. ಅವರು ಸ್ಕೋಪಿನಿಂದ ತಲೆ ಎತ್ತಿದರು.

“ಯಾಕಮ್ಮ?”

“ಹನ್ನೊಂದು ವರ್ಸದಿಂದ ಅದೇ ಮಿಲ್ಲಲ್ಲಿ ಇವ್ನಿ ಸಾಮಿ. ದಿನಾ ಬೆಳಿಗ್ಗೆ ಅರ್ಧರ್ಧ ಗಂಟೆ ಮಿಸೀನು ನಿಲ್ಸಿ ಕೂತ್ಕತೀನಂತೆ ನಾನು. ಕಾಗ್ದ ತೋರುಸ್ತಾರೆ, ಗೆರೆ ತಳದಾಗೆ ಮಲಗೈತೆ. ನಿಲ್ಸಿಲ್ಲ ಕಣಪ್ಪ ಅಂದ್ರೆ, ಮೀಟ್ರು ಮಾಡ್ದೋರೇ ಫೋನಲ್ಲಿ ಹೇಳವ್ರೆ ಅಂತಾರೆ. ನಾಳೀಕೆ ಕೊನೆ, ಸೋಮವಾರದಿಂದ ಬರ್ಬೇಡ ಅಂದವ್ರೆ. ಕೆಲ್ಸ ಹೋದ್ರೆ ಹೋಗ್ಲಿ, ಈ ಊರಾಗೆ ಕೆಲಸಗಳ್ಳಿ ಅನ್ನಿಸ್ಕಂಡು ಇನ್ಯಾವ ಮಿಲ್ಲಿನ ಬಾಗ್ಲಿಗೆ ಹೋಗ್ಲಿ? ಅದ್ಕೇ ಬಂದೆ. ಹೇಳ್ದೋರ ಮುಖ ನೋಡ್ಬೇಕಿತ್ತು.”

ಅವರು ಸ್ಕೋಪಿನ ಸ್ವಿಚ್ಚು ಆರಿಸಿದರು. ಆಮೇಲೆ ಹೇಳಿದರು: “ಮೀಟರ್ ಸುಳ್ಳು ಹೇಳಲ್ಲ ಅನ್ನೋ ಮಾತು ನಾನು ಹುಟ್ದಾಗಿಂದ ಆಡಿಲ್ಲಮ್ಮ.”

ವೈರಿಂಗ್ ಮೇಜಿನಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಅವರು ಆ ಕಡೆ ನೋಡಿದರು, ಈ ಕಡೆ ನೋಡಿದರು, ನನ್ನನ್ನು ಮಾತ್ರ ನೋಡಲಿಲ್ಲ. ಅದಕ್ಕಿಂತ ಕೆಟ್ಟ ನೋಟವನ್ನು ನಾನು ಕಂಡಿಲ್ಲ.

“ಸ್ಕೋಪ್ ಸುತ್ತು,” ಎಂದರು. “ಆಟೋ ಕರಿ. ನೀನೂ ಬಾ.”

ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಸ್ಕೋಪು ಅವರ ತೊಡೆಯ ಮೇಲೆ, ಪಕ್ಕದಲ್ಲಿ ಜಯಮ್ಮ, ಡ್ರೈವರನ ಪಕ್ಕ ಅರ್ಧ ಕುಂಡೆಯಲ್ಲಿ ನಾನು. ದಾರಿಯಲ್ಲಿ ಜಯಮ್ಮ, “ನನ್ ಮಾತು ನಂಬ್ತೀರಲ್ಲ ಸಾಮಿ?” ಎಂದಳು.

“ಇಲ್ಲ.”

“ಹಂಗಾರೆ ಯಾಕ್ ಬಂದ್ರಿ?”

“ಅವ್ರ ಮಾತೂ ನಂಬಲ್ಲ, ಅದ್ಕೇ.”

ಜಯಮ್ಮ ನನ್ನ ಬೆನ್ನಿಗೆ ಹೇಳಿದಳು: “ನಿಮ್ಮ ಸಾಮಿ ಮನೇಲಿ ಊಟ ಹೆಂಗ್ ಮಾಡ್ತಾರಪ್ಪ?” ಬೇರೆ ದಿನವಾಗಿದ್ದರೆ ನಾನು ಅದಕ್ಕೆ ಅವರದೇ ದನಿಯಲ್ಲಿ ಉತ್ತರ ಕೊಟ್ಟಿರುತ್ತಿದ್ದೆ.

ಮಿಲ್ಲಿನಲ್ಲಿ ಯಜಮಾನರು ಎದ್ದು ಬಂದು ಬರಮಾಡಿಕೊಂಡರು. “ಅಯ್ಯೋ ಸಾರ್, ನೀವೇ ಯಾಕೆ ಬರಕ್ ಹೋದ್ರಿ, ಫೋನಲ್ಲೇ ಹೇಳಿದ್ರಲ್ಲ.” ಸಾರ್ ಆಫೀಸಿನ ಬಾಗಿಲು ಪೂರ್ತಿ ತೆಗೆಸಿ, ಯಜಮಾನರನ್ನು ಹೊಸ್ತಿಲ ಮೇಲೆ ನಿಲ್ಲಿಸಿದರು: “ಇಲ್ಲಿಂದ ಅತ್ತಾಗೆ ಮಿಷನ್ನೂ ಕಾಣುತ್ತೆ, ಇತ್ತಾಗೆ ಮೀಟರೂ ಕಾಣುತ್ತೆ. ಕದಲ್ಬೇಡಿ ಸ್ವಾಮಿ.” ನನ್ನನ್ನು ಮುಳ್ಳಿನ ಮುಂದೆ ನಿಲ್ಲಿಸಿದರು. ತಾವು ಯಂತ್ರದ ಪಕ್ಕ ಹೋಗಿ, “ದಿನಾ ಬೆಳಿಗ್ಗೆ ಏನ್ ಮಾಡ್ತೀಯೋ ಅದನ್ನೇ ಮಾಡಮ್ಮ. ಚೂರೂ ಹೆಚ್ಚು ಕಮ್ಮಿ ಬೇಡ” ಎಂದರು.

ಜಯಮ್ಮ ಹೊಸ ನೂಲು ಏರಿಸಿದಳು. ಬೆಲ್ಟನ್ನು ನಿಧಾನಕ್ಕೆ ತಿರುಗಿಸುವ ಪುಲ್ಲಿ ಚಕ್ರಕ್ಕೆ ಹಾಕಿ ಯಂತ್ರ ಬಿಟ್ಟಳು. ಸಾಲು ಸಾಲು ಕದಿರುಗಳು ಮೆಲ್ಲಗೆ ಸುತ್ತತೊಡಗಿದವು.

“ಎಷ್ಟೋ?” ಎಂದು ಆಚೆಯಿಂದ ಕೂಗು.

“ಸೊನ್ನೆ ಸಾರ್.”

“ಜೋರಾಗ್ ಹೇಳು.”

“ಸೊನ್ನೆ ಸಾರ್!”

ಯಜಮಾನರು ಆ ಕಡೆ ನೋಡಿದರು. ಯಂತ್ರ ತಿರುಗುತ್ತಿದೆ. ಈ ಕಡೆ ನೋಡಿದರು. ಮುಳ್ಳು ಮಲಗಿದೆ, ಪೆನ್ನು ತಳದಲ್ಲಿ ಗೆರೆ ಎಳೆಯುತ್ತಿದೆ. ಅವರ ಕುತ್ತಿಗೆ ನಾಲ್ಕು ಸಲ ಹಾಗೆ ಹೀಗೆ ಆಡಿತು.

“ನಿಧಾನಕ್ಕೆ ಯಾಕಮ್ಮ ಓಡಿಸ್ತೀಯ?” ಎಂದು ಯಂತ್ರದ ಪಕ್ಕ ಸಾರ್ ಕೇಳುತ್ತಿದ್ದರು. ಅದರಲ್ಲೂ ಅನುಮಾನ.

“ಬೆಳಿಗ್ಗೆ ಹೊತ್ತು ನೂಲು ಒಣಗಿರ್ತದೆ ಸಾಮಿ. ಒಂದೇ ಸಲ ಜೋರು ಬಿಟ್ರೆ ಪಟಪಟ ಹರಿಯುತ್ತೆ. ಅರ್ಧ ಗಂಟೆ ಹದಕ್ಕೆ ಬರೋವರ್ಗೂ ಹಿಂಗೇ. ಆಮ್ಯಾಕೆ ಬೆಲ್ಟು ಬದಲಾಯಿಸ್ತೀನಿ. ಬ್ಯಾರೆಯೋರು ಮಾಡಲ್ಲ. ಅವರ್ದು ಎಷ್ಟು ಹರಿಯುತ್ತೆ, ನಂದೆಷ್ಟು ಹರಿಯುತ್ತೆ, ಆ ಬುಟ್ಟಿ ನೋಡಿ.”

ಹರಿದ ನೂಲಿನ ಎರಡು ಬುಟ್ಟಿಗಳನ್ನೂ ಅವರು ಹೋಗಿ ಕೈಯಾಡಿಸಿ ನೋಡಿ ಬಂದರು. ಆಮೇಲೆ ಸ್ಕೋಪು ಹಚ್ಚಿದರು. ಪಿಕಪ್ಪಿನಿಂದ ಬರುವ ಮಿಡಿತ ಸಣ್ಣದಾಗಿತ್ತು, ಆದರೂ ಹೊಸ್ತಿಲು ದಾಟುವಷ್ಟಿತ್ತು. ಡಬ್ಬಿಯೊಳಗೆ, ಐಸಿಯ ಕಾಲಿನ ಹತ್ತಿರ ನೋಡಿದರೆ, ಮೂರರಲ್ಲಿ ಒಂದು ಪಾಲು. ಹಸಿರು ಗೆರೆ ಉಸಿರಿಲ್ಲದಂತೆ ಬಿದ್ದಿತ್ತು. ಅವರು ಕನ್ನಡಕ ಹಣೆಗೇರಿಸಿ ಬೋರ್ಡಿನ ಮೇಲೆ ಬಗ್ಗಿದರು. ಬೇರೆಯವರು ಕೈಬರಹ ಗುರುತಿಸುವ ಹಾಗೆ ಅವರು ಬೆಸುಗೆ ಗುರುತಿಸುತ್ತಿದ್ದರು. ನನ್ನದು ಸ್ವಲ್ಪ ದಪ್ಪ, ಮೇಲೊಂದು ಜುಟ್ಟು.

“ಇದು ಯಾರ್ದು?”

“ನಂದು ಸಾರ್.”

“ಕಾರ್ಡಲ್ಲಿ ಬರೆದಿದ್ಯಾ?”

“ಸರಿಪಡಿಸಲಾಗಿದೆ ಅಂತ ಬರ್ದೆ ಸಾರ್.”

“ಹ್ಞೂಂ.”

ಯಜಮಾನರು ಹೊಸ್ತಿಲಿಂದಲೇ ಅಂದರು: “ಆದ್ರೆ ಸಾರ್, ನೀವೇ ಅಲ್ವಾ ಫೋನಲ್ಲಿ ನಾನೇ ನೋಡಿ ಕಳ್ಸಿದೀನಿ ಅಂದಿದ್ದು? ನಿಮ್ ಮಾತಿನ್ ಮೇಲೆ ತಾನೇ ನಾನು...”

ಅವರು ನನ್ನನ್ನು ಕಾಪಾಡುತ್ತಾರೆ ಎಂದು ಒಂದು ಕ್ಷಣ ಅನ್ನಿಸಿತು. ಕಥೆಗಳಲ್ಲಿ ಹಿರಿಯರು ಹಾಗೆ ಮಾಡುತ್ತಾರೆ. ಅವರು ಸ್ಕ್ರೂಡ್ರೈವರು ಒರೆಸಿ ಜೇಬಿಗಿಟ್ಟುಕೊಂಡು ಹೇಳಿದರು:

“ನಾನಲ್ಲ ಸ್ವಾಮಿ. ಮಾತಾಡಿದ್ದು ಇವ್ನು. ಈಗ ಇವ್ನ ಸ್ವಂತ ದನೀಲಿ ಹೇಳ್ತಾನೆ, ಕೇಳಿ.”

ಊರಲ್ಲಿರುವ ಎಲ್ಲರ ದನಿ ತೆಗೆಯುವ ನನಗೆ ಅವತ್ತು ನನ್ನದೊಂದು ಸಿಗಲಿಲ್ಲ. ಗಂಟಲೊಳಗೆ ಕೈಬಿಟ್ಟು ಹುಡುಕಿದಂತಾಯಿತು. ಕೊನೆಗೆ ಬಂದದ್ದು ಸಂಬಂಧ ನೋಡಲು ಹೋದ ಮನೆಯ ಕೀರಲು. ರೆಸಿಸ್ಟರು ಹಾಕಿದ್ದು ನಾನು, ನಿಧಾನಕ್ಕೆ ಓಡಿಸಿ ನೋಡದವನು ನಾನು, ಫೋನಿನಲ್ಲಿ ಮಾತಾಡಿದವನು ನಾನು, ಈಯಮ್ಮ ಯಂತ್ರ ನಿಲ್ಲಿಸಿಲ್ಲ ಎಂದು, ಯಂತ್ರಗಳ ಸದ್ದಿನ ನಡುವೆ, ಎರಡು ಸಲ ಹೇಳಬೇಕಾಯಿತು. ಮೊದಲ ಸಲ ಯಾರಿಗೂ ಕೇಳಿಸಲಿಲ್ಲ.

ಯಜಮಾನರು ಸುರುಳಿ ಹರಿದು ಬುಟ್ಟಿಗೆ ಹಾಕಿದರು. ಜಯಮ್ಮನ ಕಡೆ ತಿರುಗಿ, “ಸೋಮವಾರ ಹೊತ್ತಿಗೆ ಸರಿಯಾಗಿ ಬಾ” ಎಂದರು. ಅವರ ಬಾಯಲ್ಲಿ ಅದು ಕ್ಷಮೆ ಕೇಳಿದ್ದಕ್ಕೆ ಸಮ.

“ನಾನ್ಯಾವತ್ತು ತಡವಾಗಿ ಬಂದಿದ್ದೆ?” ಎಂದಳು ಜಯಮ್ಮ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಏನಪ್ಪಾ, ನಿನ್ ಸ್ವಂತ ಗಂಟ್ಲು ಇಷ್ಟೇನಾ? ಫೋನಲ್ಲಿ ಭಾರಿ ಇತ್ತಂತೆ.”

ಆ ಸಂಜೆಯೇ ಸಾರ್ ಬೆಂಗಳೂರಿಗೆ ಆಳು ಕಳಿಸಿ ಶೀಲ್ಡ್ ವೈರು ತರಿಸಿದರು. ಮಾರನೆಯ ದಿನ ನನ್ನ ಕೈಯಲ್ಲೇ ರೆಸಿಸ್ಟರು ಕೀಳಿಸಿ, ಮೋಟಾರಿನ ಕೇಬಲ್ಲಿನಿಂದ ಮಾರು ದೂರಕ್ಕೆ ಹೊಸ ತಂತಿ ಎಳೆಸಿದರು. ಪಿಕಪ್ಪಿಗೂ ಹಲ್ಲಿಗೂ ನಡುವೆ ಒಂದು ಪೋಸ್ಟ್ ಕಾರ್ಡು ತೂರುವಷ್ಟೇ ಸಂದು ಬಿಡಿಸಿದರು. ಆ ಕಾರ್ಡು ಯಾರೋ ಅವರಿಗೆ ಬರೆದದ್ದು. ಸಂದಿನಿಂದ ತೆಗೆದ ಮೇಲೆ, ನಾನು ಓದಿಬಿಟ್ಟೆನೇನೋ ಎಂದು ಮಡಚಿ ಒಳಜೇಬಿಗೆ ಇಟ್ಟುಕೊಂಡರು. ಯಂತ್ರ ನಿಂತಾಗ ಸೊನ್ನೆ, ಮೆಲ್ಲಗೆ ತಿರುಗಿದಾಗ ಇನ್ನೂರು, ಜೋರಾದಾಗ ಆರುನೂರು. ಮೂರು ಸಲ ಮಾಡಿಸಿ ನೋಡಿದರು.

ನನಗೆ ಒಂದು ಬೈಗುಳವೂ ಬೀಳಲಿಲ್ಲ. ಸೋಮವಾರ ಬೆಳಿಗ್ಗೆ ಅವರು ಎಂದಿನಂತೆ ಜೇಬಿನ ಸೆಲ್ಲು ತೆಗೆದು ಮಲ್ಟಿಮೀಟರಿಗೆ ಕೊಟ್ಟರು. ಒಂದೂವರೆ. ಆಮೇಲೆ ನನ್ನ ಕಡೆ ತಿರುಗಿದರು.

“ಇವತ್ತು ಯಾವ ವಾರಾನಪ್ಪ?”

“ಸೋಮವಾರ ಸಾರ್.”

“ಹ್ಞೂಂ. ಆ ನಾಲ್ಕು ಬೋರ್ಡು ಆಯ್ತಾ?”

“ಆಯ್ತು ಸಾರ್.”

ಮಂಗಳವಾರ ಮತ್ತೆ ಅದೇ ಪ್ರಶ್ನೆ. ಬುಧವಾರವೂ. ಅವರ ತಲೆಯ ಮೇಲೇ ಕ್ಯಾಲೆಂಡರು ನೇತಾಡುತ್ತಿತ್ತು. ಏನಿದು ಎಂದು ನನಗೆ ಹೊಳೆದದ್ದು ಗುರುವಾರ. ಗೊತ್ತಿರುವುದನ್ನು ಮೊದಲು ಅಳೆಯಬೇಕು, ಆಮೇಲೆ ಗೊತ್ತಿಲ್ಲದ್ದನ್ನು. ನಾನೂ ಅವರ ಮೇಜಿನ ಮೇಲಿನ ಒಂದು ಮೀಟರು.

ಆರು ವರ್ಷ ದಿನಾ ಬೆಳಿಗ್ಗೆ ನನಗೆ ಆ ಪ್ರಶ್ನೆ ಬಿತ್ತು. ಮೊದಮೊದಲು ಮುಖ ಕೆಂಪಾಗುತ್ತಿತ್ತು, ಆಮೇಲೆ ಸಿಟ್ಟು ಬರುತ್ತಿತ್ತು, ಆಮೇಲಾಮೇಲೆ ಅವರು ರಜೆ ಹಾಕಿದ ದಿನ ವಾರ ಯಾವುದೆಂದೇ ಮರೆತಂತಾಗುತ್ತಿತ್ತು. ಶೆಡ್ಡಿನಲ್ಲಿ ಬೇರೆ ಯಾರನ್ನೂ ಅವರು ಹಾಗೆ ಕೇಳುತ್ತಿರಲಿಲ್ಲ. ಬೇರೆಯವರನ್ನು ನಂಬುತ್ತಿದ್ದರೆಂದೇನಲ್ಲ, ಅಳೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಇದನ್ನು ನನ್ನ ಹೆಮ್ಮೆಗಾಗಿ ನಾನೇ ಕಟ್ಟಿಕೊಂಡಿರಬಹುದು, ಯಾರೂ ನಂಬಬೇಕಾಗಿಲ್ಲ. ಅವರ ದನಿ ತೆಗೆಯುವುದನ್ನು ಮಾತ್ರ ಅವತ್ತೇ ಬಿಟ್ಟೆ. ಬಿಡೆಂದು ಅವರು ಹೇಳಿರಲಿಲ್ಲ. ವೈರಿಂಗ್ ಮೇಜಿನಿಂದಲೂ ಬೇಡಿಕೆ ಬರಲಿಲ್ಲ.

ಈ ವರ್ಷ ಯುಗಾದಿ ಕಳೆದ ಮೇಲೆ ಅವರು ಕೆಲಸಕ್ಕೆ ಬರಲಿಲ್ಲ. ಹೊಟ್ಟೆನೋವು ಎಂದರು. ಆಮೇಲೆ ಬೆಂಗಳೂರಿನ ಆಸ್ಪತ್ರೆ ಎಂದರು. ಅಲ್ಲಿಂದ ಮನೆಗೆ ಕರೆತಂದಾಗ ಡಾಕ್ಟರ ಹತ್ತಿರ ಹೋಗಿ ಕಾಗದಪತ್ರ ತಂದವನು ನಾನೇ, ಅವರಿಗೆ ಮಕ್ಕಳಿಲ್ಲ. ಡಾಕ್ಟರು ನನಗೆ ಎಲ್ಲ ಬಿಡಿಸಿ ಹೇಳಿದರು. ಹೆಚ್ಚೆಂದರೆ ಎರಡು ತಿಂಗಳು.

ರಾಜಘಟ್ಟದ ಅವರ ಮನೆಯ ಜಗಲಿಯಲ್ಲೇ ಅವರ ಹೆಂಡತಿ ನನ್ನ ಕೈ ಹಿಡಿದು ನಿಲ್ಲಿಸಿದರು. “ನಾನೇನ್ ಹೇಳಿದ್ರೂ ಅವ್ರು ನಂಬಲ್ಲ ಕಣಪ್ಪ. ನೀನ್ ಹೇಳಿದ್ರೆ ನಂಬ್ತಾರೆ. ಹುಷಾರಾಗ್ತೀರ ಅಂತ ಹೇಳ್ಬಿಡು. ಇಷ್ಟು ಮಾಡಪ್ಪ, ನಿನ್ ದಮ್ಮಯ್ಯ.” ಆಯಿತಮ್ಮ ಎಂದೆ. ಮಾತು ಕೊಟ್ಟೆ.

ಒಳಗೆ ಮಂಚದ ಮೇಲೆ, ಅದೇ ಸ್ವೆಟರಿನಲ್ಲಿ, ಅವರು ಗೋಡೆಗೊರಗಿ ಕೂತಿದ್ದರು. ಔಷಧಿಯ ಬಾಟಲಿಗಳನ್ನು ಸಾಲಾಗಿ ಜೋಡಿಸಿ, ಒಂದೊಂದರ ಮೇಲೂ ಎಷ್ಟು ಖರ್ಚಾಯಿತೆಂದು ಪೆನ್ಸಿಲ್ ಗುರುತು ಹಾಕಿದ್ದರು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನನ್ನನ್ನೇ ನೋಡುತ್ತ ನಿಂತರು.

“ಇವತ್ತು ಯಾವ ವಾರಾನಪ್ಪ?”

ಅವತ್ತು ಗುರುವಾರ. ಎದುರು ಗೋಡೆಯಲ್ಲಿ ಕ್ಯಾಲೆಂಡರು ಇತ್ತು. ಆರು ವರ್ಷದಲ್ಲಿ ಒಂದು ಸಲವೂ ತಪ್ಪು ಹೇಳಿರಲಿಲ್ಲ.

“ಭಾನುವಾರ ಸಾರ್.”

ಅವರು ನನ್ನನ್ನು ನೋಡಿದರು. ಸ್ಕೋಪಿನ ಹಸಿರು ಗೆರೆ ನೋಡುವ ಹಾಗೆ, ಕಣ್ಣು ಕಿರಿದು ಮಾಡಿಕೊಂಡು, ಬಹಳ ಹೊತ್ತು.

“ಹ್ಞೂಂ. ಡಾಕ್ಟ್ರು ಏನಂದ್ರು?”

“ಏನೂ ಇಲ್ವಂತೆ ಸಾರ್. ಹದಿನೈದು ದಿನದಲ್ಲಿ ಎದ್ದು ಓಡಾಡ್ತೀರಂತೆ.”

ಅವರು ಬಾಗಿಲ ಕಡೆ ತಿರುಗಿದರು. “ಕೇಳಿಸ್ಕೊಂಡ್ಯೇನೇ? ಹದಿನೈದು ದಿನ ಅಂತೆ. ಸುಮ್ನೆ ಅಳ್ತಾ ಕೂತಿದ್ದೆ ನೀನು. ಹೋಗು, ಹುಡುಗಂಗೆ ಕಾಫಿ ಮಾಡು.” ಅಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು, ನನಗೆ ಕೈಮುಗಿದಂತೆ ಮಾಡಿ ಅಡುಗೆಮನೆಗೆ ಹೋದರು. ಪಾತ್ರೆಯ ಸದ್ದು ಕೇಳಿಸಿತು.

“ನನ್ ತರ ಮಾತಾಡೋದು ಬಿಟ್ಬಿಟ್ಯಂತೆ?” ಎಂದರು.

“ಹೂಂ ಸಾರ್.”

“ಎಲ್ಲಿ, ಒಂದ್ಸಲ ಮಾಡು. ನಾನು ಕೇಳೇ ಇಲ್ಲ.”

ಆರು ವರ್ಷ ತೆಗೆಯದ ದನಿ. ಆದರೂ ಬಂತು, ಮೂಗಿನಲ್ಲಿ ಶುರುವಾಗಿ ಗಂಟಲಲ್ಲಿ ಮುಗಿಯುವ ದನಿ:

“ಹ್ಞೂಂ. ಇವತ್ತು ಯಾವ ವಾರಾನಪ್ಪ?”

ಅವರು ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಗುರುವಾರ ಕಣೋ.”